ಹೋಗಿಬರುವ ದಾರಿಯನ್ನು ಈಗಲೇ ತೆರೆದಿಟ್ಟುಕೊಳ್ಳಿ

ಹೊರದೇಶದಲ್ಲಿ ಮಕ್ಕಳಿರುವ ಬಂಡಳ್ಳಿ, ಹನೂರು, ಕೊಳ್ಳೇಗಾಲ, ಯಳಂದೂರು ಕಡೆಯ ತಂದೆ-ತಾಯಂದಿರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಅಕ್ಕಂದಿರೇ, ಅಣ್ಣಂದಿರೇ,

ಮಗನೋ ಮಗಳೋ ಹೊರದೇಶದಲ್ಲಿರುವ ಮನೆ ನಮ್ಮ ಕಡೆಯ ಹಳ್ಳಿಗಳಲ್ಲಿ ಈಗ ಅಪರೂಪವೇನಲ್ಲ. ಎಂಜಿನಿಯರ್ ಕೆಲಸಕ್ಕೆ ಅಮೆರಿಕಕ್ಕೆ, ನರ್ಸ್ ಕೆಲಸಕ್ಕೆ ದುಬೈಗೆ, ಓದಿಗೆಂದು ಆಸ್ಟ್ರೇಲಿಯಾಕ್ಕೋ ಕೆನಡಾಕ್ಕೋ ಹೋದ ಮಕ್ಕಳು ಅಲ್ಲೇ ಸಂಸಾರ ಹೂಡಿದ್ದಾರೆ. ರೇಷ್ಮೆಗೂಡು ಮಾರಿ, ಅರಿಸಿನ ಬೆಳೆದು, ಒಡವೆ ಅಡವಿಟ್ಟು ಅವರನ್ನು ಓದಿಸಿದ ನೀವು ಇಲ್ಲಿದ್ದೀರಿ. ಮೊಮ್ಮಗು ಮಗ್ಗುಲಾದದ್ದು, ಅಂಬೆಗಾಲಿಟ್ಟದ್ದು, ಮೊದಲ ಮಾತಾಡಿದ್ದು, ಎಲ್ಲವನ್ನೂ ಫೋನಿನಲ್ಲೇ ನೋಡಿದ್ದೀರಿ.

ನಾನು ಬಂಡಳ್ಳಿಯವಳು. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. "ಟೀಚರಮ್ಮ, ಈ ಫಾರಂ ಒಂಚೂರು ನೋಡಿಕೊಡಿ" ಎಂದು ನಿಮ್ಮಲ್ಲಿ ಹಲವರು ನಮ್ಮ ಮನೆ ಜಗಲಿಗೆ ಬಂದಿದ್ದೀರಿ. ನನ್ನ ಮಗಳೂ ಹೊರಗೇ ಇರುವುದರಿಂದ ನಿಮ್ಮ ಪ್ರಶ್ನೆಗಳೆಲ್ಲ ನನ್ನವೂ ಹೌದು. ಒಬ್ಬೊಬ್ಬರಿಗೇ ಹೇಳುತ್ತ ಬಂದದ್ದನ್ನು ಎಲ್ಲರಿಗೂ ಒಟ್ಟಿಗೆ ಹೇಳಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಮಾತು ಇಷ್ಟೇ. ಮಲ್ಟಿಪಲ್ ಎಂಟ್ರಿ ವೀಸಾ, ಅಂದರೆ ಅವಧಿ ಮುಗಿಯುವವರೆಗೆ ಎಷ್ಟು ಸಲ ಬೇಕಾದರೂ ಹೋಗಿಬರಲು ಬಿಡುವ ವೀಸಾ, ಅದನ್ನು ಮೈಯಲ್ಲಿ ಶಕ್ತಿಯಿರುವಾಗಲೇ, ಯಾವ ಅವಸರವೂ ಇಲ್ಲದಿರುವಾಗಲೇ ಮಾಡಿಸಿಟ್ಟುಕೊಳ್ಳಿ. ಬಾಣಂತನಕ್ಕೆ ಕರೆ ಬಂದಾಗ ಮಾಡಿಸೋಣ, ಯಾರಿಗಾದರೂ ಹುಷಾರು ತಪ್ಪಿದಾಗ ನೋಡೋಣ ಎಂದು ಕೂರಬೇಡಿ.

ನೀವು ಹಿಂಜರಿಯುವುದು ಯಾಕೆಂದು ನನಗೆ ಗೊತ್ತು. "ಹೋದರೆ ಅಲ್ಲೇ ಇರಿಸಿಕೊಂಡುಬಿಡುತ್ತಾರೆ, ಮನೆ ದೀಪ ಹಚ್ಚುವವರು ಯಾರು?" ಎನ್ನುತ್ತೀರಿ. ಹಸು ಕಟ್ಟುವವರು ಯಾರು, ಹೊಲ ನೋಡುವವರು ಯಾರು, ಮಾದಪ್ಪನ ಬೆಟ್ಟಕ್ಕೆ ಹೋಗುವುದು ತಪ್ಪುತ್ತಲ್ಲ ಎನ್ನುತ್ತೀರಿ. ಊರೋ ಮಕ್ಕಳೋ ಎಂದು ಯಾರೋ ನಿಮ್ಮ ಮುಂದೆ ಪಟ್ಟು ಹಿಡಿದು ಕೂತಂತೆ ಸಂಕಟಪಡುತ್ತೀರಿ. ಒಂದೇ ಸಲ ಹೋಗಲು ಬಿಡುವ ವೀಸಾ ನಿಜಕ್ಕೂ ಆ ಸಂಕಟ ತರುತ್ತದೆ. ಇಷ್ಟು ಖರ್ಚು ಮಾಡಿ ಬಂದಿದ್ದೇವೆ, ಇನ್ನೊಮ್ಮೆ ಆಗುವುದೋ ಇಲ್ಲವೋ ಎಂದು ಇರಲಾರದಿದ್ದರೂ ಕೊನೆಯ ದಿನದವರೆಗೆ ಅಲ್ಲೇ ಉಳಿಯುವಂತಾಗುತ್ತದೆ. ಹತ್ತು ವರ್ಷದ, ಐದು ವರ್ಷದ ಮಲ್ಟಿಪಲ್ ಎಂಟ್ರಿ ಕೈಯಲ್ಲಿದ್ದರೆ ಆ ಒತ್ತಾಯವಿಲ್ಲ. ಚಿಕ್ಕಲ್ಲೂರು ಜಾತ್ರೆ, ಸಂಕ್ರಾಂತಿ ಮುಗಿಸಿ, ರಾಗಿ ಜೋಳ ಮನೆಗೆ ಸೇರಿಸಿ ಹೊರಟರೆ ಮುಂಗಾರು ಬಿತ್ತನೆಗೆ ವಾಪಸ್ ಬರಬಹುದು. ಮಗ್ಗುಲಲ್ಲಿ ಮೊಮ್ಮಗು ಮಲಗಿದ ನಾಲ್ಕು ತಿಂಗಳೂ ಸಿಕ್ಕಿತು, ಬೇಸಾಯವೂ ತಪ್ಪಲಿಲ್ಲ. ಮುಂದಿನ ವರ್ಷ ಬೇಡವೆನಿಸಿದರೆ ಹೋಗಬೇಡಿ. ಅದರ ಮುಂದಿನ ವರ್ಷ ಮನಸ್ಸಾದರೆ ಟಿಕೆಟ್ ತೆಗೆದು ಹೊರಡಿ. ಯಾವಾಗ ಹೋಗಬೇಕು, ಯಾವಾಗ ಬರಬೇಕು ಎಂಬುದು ನಿಮ್ಮ ತೀರ್ಮಾನವಾಗುತ್ತದೆ. ನಾನು ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವೇ ಅದು.

ಈಗಲೇ ಯಾಕೆ ಎಂದರೆ, ನಮ್ಮ ಅವಸರಕ್ಕೆ ವೀಸಾ ಕಚೇರಿಗಳ ಬಾಗಿಲು ತೆರೆಯುವುದಿಲ್ಲ. ಕೊರೋನಾ ಕಳೆದ ಮೇಲೆ, 2022ರ ಕೊನೆಯಲ್ಲಿ, ಅಮೆರಿಕದ ಸಂದರ್ಶಕ ವೀಸಾಕ್ಕೆ ಮೊದಲ ಸಲ ಅರ್ಜಿ ಹಾಕಿದವರು ಚೆನ್ನೈ, ಹೈದರಾಬಾದ್, ಮುಂಬಯಿ, ದೆಹಲಿಗಳಲ್ಲಿ ಸಂದರ್ಶನದ ದಿನಾಂಕಕ್ಕಾಗಿ ಒಂಬೈನೂರಕ್ಕೂ ಹೆಚ್ಚು ದಿನ ಕಾಯಬೇಕು ಎಂಬ ಸ್ಥಿತಿಯಿತ್ತು. ಎರಡೂವರೆ ವರ್ಷ! ಆಗ ಹುಟ್ಟಿದ ಕೂಸು ಅಷ್ಟರಲ್ಲಿ ಓಡಾಡುತ್ತಿರುತ್ತದೆ. ಮುಂಚೆಯೇ ಹತ್ತು ವರ್ಷದ ವೀಸಾ ಮಾಡಿಸಿಟ್ಟಿದ್ದವರು ಆ ಸಾಲಿನಲ್ಲಿ ನಿಲ್ಲಬೇಕಾಗಿರಲಿಲ್ಲ. ಈಗ ಕಾಯುವ ಕಾಲ ಕಡಿಮೆಯಾಗಿದೆ, ಆದರೆ ನಿಯಮಗಳು ಬಿಗಿಯಾಗಿವೆ. ಎಂಬತ್ತು ತುಂಬಿದವರು ಸಂದರ್ಶನಕ್ಕೆ ಹೋಗಬೇಕಿಲ್ಲ ಎಂಬ ವಿನಾಯಿತಿ ಅಮೆರಿಕದಲ್ಲಿತ್ತು. 2025ರ ಸೆಪ್ಟೆಂಬರ್ 2ರಿಂದ ಅದನ್ನು ತೆಗೆದಿದ್ದಾರೆ. ಮಂಡಿ ನೋವಿನಲ್ಲಿ ಚೆನ್ನೈ ತನಕ ಹೋಗಿ ಸಾಲಿನಲ್ಲಿ ನಿಲ್ಲುವುದಕ್ಕಿಂತ ಅರವತ್ತರಲ್ಲಿ ಹೋಗಿ ಮುಗಿಸಿಕೊಳ್ಳುವುದು ಮೇಲಲ್ಲವೇ?

ಆಸ್ಟ್ರೇಲಿಯಾದ ಕಥೆಯನ್ನೂ ಕೇಳಿ. 2020ರ ಮಾರ್ಚ್‌ನಲ್ಲಿ ಆ ದೇಶ ಗಡಿ ಮುಚ್ಚಿತು. ಹತ್ತಿರದ ಕುಟುಂಬದವರಿಗೆ ವಿನಾಯಿತಿ ಕೊಟ್ಟಿತು. ಆದರೆ ಆ ಹತ್ತಿರದವರ ಪಟ್ಟಿಯಲ್ಲಿ ಗಂಡ, ಹೆಂಡತಿ, ಚಿಕ್ಕ ಮಕ್ಕಳು ಇದ್ದರೇ ಹೊರತು ದೊಡ್ಡವರಾದ ಮಕ್ಕಳ ತಂದೆ-ತಾಯಿ ಇರಲಿಲ್ಲ. ಹೆತ್ತವರನ್ನೂ ಹತ್ತಿರದವರೆಂದು ಲೆಕ್ಕಕ್ಕೆ ತೆಗೆದುಕೊಂಡದ್ದು 2021ರ ನವೆಂಬರ್‌ನಿಂದ. ನಮ್ಮಲ್ಲಿ ಅಪ್ಪ ಅಮ್ಮ ಕುಟುಂಬವೇ ಅಲ್ಲ ಎಂದರೆ ನಗುತ್ತಾರೆ. ಅಲ್ಲಿನ ಕಾನೂನಿಗೆ ಅದನ್ನು ತಿದ್ದಿಕೊಳ್ಳಲು ಒಂದೂವರೆ ವರ್ಷಕ್ಕೂ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ಎಷ್ಟು ಮನೆಗಳಲ್ಲಿ ಎಷ್ಟು ಮುಖ ನೋಡುವುದು ತಪ್ಪಿತೋ! ಗಡಿ ಮುಚ್ಚಿದಾಗ ಯಾವ ವೀಸಾವೂ ಕಾಪಾಡುವುದಿಲ್ಲ, ನಿಜ. ಆದರೆ ತೆರೆದ ದಿನವೇ ಹೊರಡಬಲ್ಲವರು, ಕಾಗದ ಸಿದ್ಧವಿದ್ದವರು ಮಾತ್ರ.

ಯಾವ ದೇಶ ಏನು ಕೊಡುತ್ತದೆ ಎಂದು ತಿಳಿದುಕೊಂಡರೆ ಮಕ್ಕಳ ಜೊತೆ ಕೂತು ಮಾತಾಡಲು ಅನುಕೂಲ. ಅಮೆರಿಕ ನಮ್ಮವರಿಗೆ ಸಾಮಾನ್ಯವಾಗಿ ಕೊಡುವುದು ಹತ್ತು ವರ್ಷದ ಬಿ1/ಬಿ2 ಸಂದರ್ಶಕ ವೀಸಾ. ಅರ್ಜಿ ಶುಲ್ಕ 185 ಡಾಲರ್, ವೀಸಾ ಸಿಗದಿದ್ದರೂ ಆ ಹಣ ವಾಪಸ್ ಬರುವುದಿಲ್ಲ. ಬ್ರಿಟನ್‌ನ ಸಂದರ್ಶಕ ವೀಸಾ ಆರು ತಿಂಗಳಿಗೂ ಸಿಗುತ್ತದೆ, ಎರಡು, ಐದು, ಹತ್ತು ವರ್ಷಕ್ಕೂ ಸಿಗುತ್ತದೆ. ಹತ್ತು ವರ್ಷದ್ದೇ ಆದರೂ ಒಂದು ಸಲಕ್ಕೆ ಆರು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್ ಮೊದಲಾದ ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಅಲ್ಲಿ ಮೊದಲೆರಡು ಸಲ ಚಿಕ್ಕ ವೀಸಾ ಕೊಟ್ಟು ನೋಡುವ ವಾಡಿಕೆ. 2024ರ ಏಪ್ರಿಲ್‌ನಲ್ಲಿ ಭಾರತೀಯರಿಗೆಂದೇ ಯುರೋಪಿನ ಒಕ್ಕೂಟ ಒಂದು ಅನುಕೂಲ ಮಾಡಿತು: ಮೂರು ವರ್ಷದೊಳಗೆ ಎರಡು ವೀಸಾ ಪಡೆದು ನಿಯಮದಂತೆ ಹೋಗಿಬಂದವರಿಗೆ ಎರಡು ವರ್ಷದ ಮಲ್ಟಿಪಲ್ ಎಂಟ್ರಿ, ಅದರ ನಂತರ ಐದು ವರ್ಷದ್ದು. ಪಾಸ್‌ಪೋರ್ಟಿನಲ್ಲಿ ಅಷ್ಟು ಅವಧಿ ಉಳಿದಿರಬೇಕು, ಅಷ್ಟೇ.

ಕೆನಡಾದಲ್ಲಿ ಹೆತ್ತವರಿಗೂ ಅಜ್ಜ-ಅಜ್ಜಿಯರಿಗೂ ಎಂದೇ ಸೂಪರ್ ವೀಸಾ ಇದೆ. 2011ರ ಡಿಸೆಂಬರ್‌ನಲ್ಲಿ ಶುರುವಾದದ್ದು. ಹತ್ತು ವರ್ಷದವರೆಗೆ ಹೋಗಿಬರಬಹುದು. 2022ರ ಜುಲೈಯಿಂದ ಒಂದು ಸಲಕ್ಕೆ ಐದು ವರ್ಷದವರೆಗೂ ಇರಬಹುದು. ಅದಕ್ಕೆ ಮಗ ಅಥವಾ ಮಗಳು ಅಲ್ಲಿನ ಪ್ರಜೆಯೋ ಕಾಯಂ ನಿವಾಸಿಯೋ ಆಗಿರಬೇಕು, ಗೊತ್ತುಪಡಿಸಿದಷ್ಟು ವರಮಾನ ತೋರಿಸಬೇಕು, ಕರೆಪತ್ರ ಬರೆಯಬೇಕು. ನೀವು ವೈದ್ಯಕೀಯ ತಪಾಸಣೆ ಮಾಡಿಸಬೇಕು. ಒಂದು ವರ್ಷಕ್ಕೆ ಕನಿಷ್ಠ ಒಂದು ಲಕ್ಷ ಕೆನಡಾ ಡಾಲರ್‌ನ ಆರೋಗ್ಯ ವಿಮೆ ಇರಬೇಕು. ವಯಸ್ಸು ಏರಿದಷ್ಟೂ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಸೇರಿಕೊಂಡಷ್ಟೂ ಆ ವಿಮೆಯ ಕಂತು ಏರುತ್ತದೆ. ಬೇಗ ಹೊರಡಿ ಎನ್ನಲು ಅದೂ ಒಂದು ಕಾರಣ.

ಆಸ್ಟ್ರೇಲಿಯಾದಲ್ಲಿ ಹೆತ್ತವರು ಕಾಯಂ ಆಗಿ ನೆಲೆಸಲು ಹಾಕುವ ಸಾಮಾನ್ಯ ಅರ್ಜಿಗೆ ಮೂವತ್ತು ವರ್ಷದ ಸರದಿಯಿದೆ. ಅರವತ್ತೈದರವರು ಕಾದು ಕೂರಬಹುದಾದ ಸರದಿಯೇ ಅದು? ಅದಕ್ಕೇ 2019ರಲ್ಲಿ ಮಕ್ಕಳೇ ಹೊಣೆ ಹೊತ್ತು ಕರೆಸಿಕೊಳ್ಳುವ ತಾತ್ಕಾಲಿಕ ವೀಸಾ ತಂದರು. ಅದರ ಸಂಖ್ಯೆ 870. ಮೂರು ವರ್ಷಕ್ಕೆ ಅಥವಾ ಐದು ವರ್ಷಕ್ಕೆ ಸಿಗುತ್ತದೆ, ಒಟ್ಟು ಹತ್ತು ವರ್ಷ ಮೀರುವಂತಿಲ್ಲ. ಶುಲ್ಕ ದುಬಾರಿ, ಸಾವಿರಾರು ಡಾಲರ್. ಅಷ್ಟು ಬೇಡವೆನ್ನುವವರಿಗೆ ಸಾಮಾನ್ಯ ಸಂದರ್ಶಕ ವೀಸಾ, ಅಂದರೆ 600, ಇದ್ದೇ ಇದೆ. ನ್ಯೂಜಿಲೆಂಡ್ ಕೂಡ 2025ರ ಸೆಪ್ಟೆಂಬರ್ 29ರಿಂದ ಹೆತ್ತವರಿಗಾಗಿ ಐದು ವರ್ಷದ ಮಲ್ಟಿಪಲ್ ಎಂಟ್ರಿ ವೀಸಾ ತೆರೆದಿದೆ. ಹೀಗೆ ಒಂದೊಂದೇ ದೇಶ, ಕೆಲಸಕ್ಕೆ ಬಂದವರಿಗೆ ಅಪ್ಪ ಅಮ್ಮನೂ ಇರುತ್ತಾರೆ ಎಂಬುದನ್ನು ತಡವಾಗಿಯಾದರೂ ಒಪ್ಪುತ್ತಿದೆ. ಶುಲ್ಕ, ನಿಯಮ ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ದಿನ ಆಯಾ ಸರ್ಕಾರದ ಜಾಲತಾಣದಲ್ಲೇ ನೋಡಿಕೊಳ್ಳುವಂತೆ ಮಕ್ಕಳಿಗೆ ಹೇಳಿ.

ಇನ್ನು ಅತಿ ಮುಖ್ಯವಾದ ಒಂದು ವಿಷಯ. ಇದನ್ನು ಎರಡು ಸಲ ಓದಿ. ವೀಸಾ ಹತ್ತು ವರ್ಷದ್ದು ಎಂದರೆ ಹತ್ತು ವರ್ಷ ಅಲ್ಲಿರಬಹುದು ಎಂದಲ್ಲ. ಆ ಹತ್ತು ವರ್ಷದಲ್ಲಿ ಅವರ ಬಾಗಿಲಿಗೆ ಹೋಗಿ ನಿಂತು ಒಳಗೆ ಬರಲೇ ಎಂದು ಕೇಳಬಹುದು, ಅಷ್ಟೇ. ಎಷ್ಟು ದಿನ ಇರಬಹುದು ಎಂದು ತೀರ್ಮಾನಿಸುವುದು ಅಲ್ಲಿಯ ವಿಮಾನ ನಿಲ್ದಾಣದ ಅಧಿಕಾರಿ. ಅಮೆರಿಕದಲ್ಲಿ ಆ ದಿನಾಂಕ ಐ-94 ಎಂಬ ದಾಖಲೆಯಲ್ಲಿರುತ್ತದೆ, ಸಾಮಾನ್ಯವಾಗಿ ಆರು ತಿಂಗಳು. ಇಳಿದ ವಾರದಲ್ಲೇ ಮಗನಿಂದ ಅದನ್ನು ಮುದ್ರಿಸಿಕೊಂಡು, ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಪ್ಪಕ್ಷರದಲ್ಲಿ ಬರೆದಿಡಿ. ಒಂದು ದಿನ ಮೀರಿ ಉಳಿದರೂ ಆ ಹತ್ತು ವರ್ಷದ ವೀಸಾ ರದ್ದಾಗುತ್ತದೆ. 180 ದಿನಕ್ಕಿಂತ ಹೆಚ್ಚು ಮೀರಿ ಉಳಿದು ಹೊರಟರೆ ಮೂರು ವರ್ಷ, ಒಂದು ವರ್ಷ ಮೀರಿದರೆ ಹತ್ತು ವರ್ಷ ಆ ದೇಶಕ್ಕೆ ಕಾಲಿಡುವಂತಿಲ್ಲ. "ಇನ್ನೊಂದು ತಿಂಗಳು ಇರಮ್ಮ" ಎಂದು ಮಗಳು ಎಷ್ಟೇ ಕೇಳಿಕೊಂಡರೂ, ದಿನಾಂಕದೊಳಗೆ ಅರ್ಜಿ ಹಾಕಿ ಅವಧಿ ವಿಸ್ತರಿಸಿಕೊಳ್ಳದೆ ಉಳಿಯಬೇಡಿ. ಪದೇ ಪದೇ ಹೋಗಿಬರುವ ಅವಕಾಶ ಉಳಿಯುವುದು ಹೇಳಿದ ದಿನಕ್ಕೆ ವಾಪಸ್ ಬಂದವರಿಗೆ ಮಾತ್ರ.

ಈಗ ಕಾಗದಪತ್ರಕ್ಕೆ ಬರೋಣ. ನಮ್ಮವರು ಸುಸ್ತಾಗುವುದು ಇಲ್ಲೇ.

ಮೊದಲು ಪಾಸ್‌ಪೋರ್ಟ್. ಹಿಂದೆ ಅದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಿತ್ತು. 2017ರ ಜನವರಿಯಲ್ಲಿ ಅಂಚೆ ಕಚೇರಿಯೊಳಗೇ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಯೋಜನೆ ಶುರುವಾದಾಗ ದೇಶದಲ್ಲಿ ಮೊದಲು ಆಯ್ಕೆಯಾದ ಎರಡು ಊರುಗಳಲ್ಲಿ ನಮ್ಮ ಮೈಸೂರು ಒಂದು, ಗುಜರಾತಿನ ದಾಹೋದ್ ಇನ್ನೊಂದು. ಹನೂರಿನಿಂದ ಬೆಳಗಿನ ಬಸ್ಸು ಹತ್ತಿದರೆ ಸಂಜೆಗೆ ಮನೆಗೆ ಬರಬಹುದು. ಜನನ ಪ್ರಮಾಣಪತ್ರ ಇಲ್ಲವೆಂದು ಹೆದರಬೇಡಿ. ನಮ್ಮ ವಯಸ್ಸಿನವರಿಗೆ ಅದು ಇರುವುದೇ ಅಪರೂಪ. 2016ರ ಡಿಸೆಂಬರ್‌ನಲ್ಲಿ ನಿಯಮ ಸಡಿಲಿಸಿದ ಮೇಲೆ ಪ್ಯಾನ್, ಮತದಾರರ ಚೀಟಿ, ಶಾಲೆಯ ವರ್ಗಾವಣೆ ಪತ್ರ, ಜೀವ ವಿಮೆ ಬಾಂಡ್ ಮುಂತಾದವನ್ನೂ ಹುಟ್ಟಿದ ದಿನಾಂಕಕ್ಕೆ ಒಪ್ಪುತ್ತಾರೆ. ಮದುವೆ ಪ್ರಮಾಣಪತ್ರವೂ ಬೇಕಿಲ್ಲ. ಹತ್ತನೇ ತರಗತಿ ಓದಿಲ್ಲವಲ್ಲ ಎಂದು ಚಿಂತಿಸುವವರಿಗೂ ಒಂದು ಮಾತು: ಹತ್ತನೇ ತರಗತಿ ಮುಗಿಸದವರ ಪಾಸ್‌ಪೋರ್ಟಿಗೆ ಹಾಕುವ ವಲಸೆ ತಪಾಸಣೆಯ (ಇಸಿಆರ್) ಮುದ್ರೆ ಐವತ್ತು ದಾಟಿದವರಿಗೆ ಬೀಳುವುದಿಲ್ಲ.

ತೊಡಕಿರುವುದು ದಾಖಲೆಗಳ ಸಂಖ್ಯೆಯಲ್ಲಲ್ಲ, ಅವು ಒಂದಕ್ಕೊಂದು ಹೊಂದದಿರುವುದರಲ್ಲಿ. ರೇಷನ್ ಕಾರ್ಡಿನಲ್ಲಿ ಪುಟ್ಟಮಾದಮ್ಮ, ಆಧಾರ್‌ನಲ್ಲಿ ಪುಟ್ಟಮ್ಮ, ಪಹಣಿಯಲ್ಲಿ ಗಂಡನ ಹೆಸರು ಹಿಂದೆ ಸೇರಿ ಇನ್ನೊಂದು. ಶಾಲೆಗೆ ಸೇರಿಸುವಾಗ ಬರೆಸಿದ ಜೂನ್ 1 ಒಂದು ಕಡೆ, ಆಧಾರ್ ಮಾಡಿಸುವಾಗ ಅಂದಾಜಿನಲ್ಲಿ ಹೇಳಿದ ಜನವರಿ 1 ಇನ್ನೊಂದು ಕಡೆ. ನಮ್ಮ ಸೀಮೆಗೆ ಇದರ ಜೊತೆ ಇನ್ನೊಂದು ತೊಡಕಿದೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಬಂಡಳ್ಳಿಯೂ ಅದರಲ್ಲೇ. ಆ ಬಳಿಕ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ ಜಿಲ್ಲೆ, ಈಚೆಗೆ ಹನೂರು ತಾಲ್ಲೂಕು. ಎಪ್ಪತ್ತು ದಾಟಿದವರು ಮನೆ ಬಿಟ್ಟು ಕದಲದೆಯೇ ಎರಡು ರಾಜ್ಯ, ಮೂರು ಜಿಲ್ಲೆ ನೋಡಿದ್ದಾರೆ. ಹಳೆಯ ಕಾಗದವೊಂದರಲ್ಲಿ ಕೊಯಮತ್ತೂರು ಎಂದಿದ್ದರೆ ಅದು ತಪ್ಪಲ್ಲ, ಚರಿತ್ರೆ. ಆದರೆ ಹುಟ್ಟಿದ ಊರು, ಜಿಲ್ಲೆ, ರಾಜ್ಯ ಎಂಬ ಅಂಕಣಗಳನ್ನು ಪಾಸ್‌ಪೋರ್ಟಿನಲ್ಲಿ ಒಮ್ಮೆ ಹೇಗೆ ತುಂಬಿದಿರೋ ವೀಸಾ ಅರ್ಜಿಯಲ್ಲೂ ಅಕ್ಷರ ಬಿಡದಂತೆ ಹಾಗೆಯೇ ತುಂಬಿ.

ಆದ್ದರಿಂದ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕುವ ಮುಂಚೆಯೇ ಆಧಾರ್, ಪ್ಯಾನ್, ಮತದಾರರ ಚೀಟಿಯ ಹೆಸರು, ದಿನಾಂಕ ಒಂದೇ ಆಗಿರುವಂತೆ ಸರಿಪಡಿಸಿ. ಆಧಾರ್‌ನಲ್ಲಿ ಹುಟ್ಟಿದ ದಿನಾಂಕ ತಿದ್ದಲು ಸಾಮಾನ್ಯವಾಗಿ ಒಂದೇ ಅವಕಾಶ ಇರುವುದರಿಂದ ಯಾವ ದಿನಾಂಕ ಎಂದು ಮನೆಯಲ್ಲಿ ತೀರ್ಮಾನಿಸಿಕೊಂಡು ಹೋಗಿ. ಪಾಸ್‌ಪೋರ್ಟಿನಲ್ಲಿ ಹೆಸರು ಮತ್ತು ಮನೆತನದ ಹೆಸರು ಎಂಬ ಎರಡು ಅಂಕಣಗಳಿರುತ್ತವೆ. ನಮ್ಮಲ್ಲಿ ಮನೆತನದ ಹೆಸರು ಬರೆಯುವ ರೂಢಿ ಕಡಿಮೆ. ಎರಡನ್ನೂ ತುಂಬಿ, ಒಂದನ್ನು ಖಾಲಿ ಬಿಡಬೇಡಿ. ಬರೀ ಮಹದೇವಮ್ಮ ಎಂದಿದ್ದರೆ ಅಮೆರಿಕದ ವೀಸಾದಲ್ಲಿ ಆ ಹೆಸರು ಮನೆತನದ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ಗೊತ್ತಿಲ್ಲ ಎಂಬರ್ಥದ ಮೂರಕ್ಷರ ಬೀಳುತ್ತದೆ. 2022ರ ನವೆಂಬರ್‌ನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟ್ ಇರುವವರಿಗೆ ಸಂದರ್ಶಕ ವೀಸಾದ ಮೇಲೆ ಪ್ರವೇಶವಿಲ್ಲ ಎಂದಾಗ ದಕ್ಷಿಣದ ನಮ್ಮಂಥವರೇ ಹೆಚ್ಚು ಪೇಚಿಗೆ ಸಿಕ್ಕಿದರು. ಹಳೆಯ ಪಾಸ್‌ಪೋರ್ಟಿನ ಅವಧಿ ಮುಗಿದು ಹೊಸದು ಬಂದಾಗ ಹಳೆಯದನ್ನು ಎಸೆಯಬೇಡಿ. ಅದರಲ್ಲಿರುವ ಅಮೆರಿಕದ ವೀಸಾಕ್ಕೆ ಅವಧಿ ಇದ್ದರೆ ಎರಡು ಪುಸ್ತಕವನ್ನೂ ಹಿಡಿದು ಪ್ರಯಾಣ ಮಾಡಬಹುದು.

ಸಂದರ್ಶನಕ್ಕೆ ಹೆದರಬೇಡಿ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾದರೂ ಆಗ ವೀಸಾ ಕೆಲಸ ಅಲ್ಲಿ ಶುರುವಾಗಲಿಲ್ಲ. ನಮ್ಮವರು ಹೆಚ್ಚಾಗಿ ಹೋಗುವುದು ಚೆನ್ನೈಗೆ. ಇಂಗ್ಲಿಷ್ ಬರದಿದ್ದರೆ ನಾಚಿಕೆ ಬೇಡ, ನಿಮಗೆ ಬರುವ ಭಾಷೆ ಯಾವುದೆಂದು ಹೇಳಿ. ತಮಿಳಂತೂ ಕೊಳ್ಳೇಗಾಲ, ಹನೂರಿನ ಕಡೆಯವರಿಗೆ ಸಂತೆಯಲ್ಲೇ ಕಲಿತ ಭಾಷೆ. ಕೇಳುವುದು ನಾಲ್ಕೇ ಮಾತು: ಯಾಕೆ ಹೋಗುತ್ತೀರಿ, ಮಗ ಅಲ್ಲಿ ಏನು ಮಾಡುತ್ತಾನೆ, ಎಷ್ಟು ದಿನ ಇರುತ್ತೀರಿ, ಇಲ್ಲಿ ಏನಿದೆ. ಸಂದರ್ಶಕರಾಗಿ ಬರುತ್ತೇವೆನ್ನುವ ಪ್ರತಿಯೊಬ್ಬರೂ ನೆಲೆಸಲೆಂದೇ ಬರುತ್ತಿದ್ದಾರೆ, ಹಾಗಲ್ಲವೆಂದು ಅವರೇ ಮನವರಿಕೆ ಮಾಡಿಕೊಡಬೇಕು ಎಂದು ಅವರ ಕಾನೂನಿನ 214(ಬಿ) ಕಲಂ ಹೇಳುತ್ತದೆ. ಅಧಿಕಾರಿ ಅನುಮಾನದಿಂದ ಕೇಳಿದಂತೆ ಕಂಡರೆ ಅದು ನಿಮ್ಮ ಮೇಲಿನ ಅನುಮಾನವಲ್ಲ, ಆ ಕಲಮಿನ ಕೆಲಸ. ಕಂತೆಗಟ್ಟಲೆ ಪಹಣಿ, ಪಾಸ್‌ಬುಕ್ ಒಯ್ದರೂ ಒಂದನ್ನೂ ಬಿಚ್ಚಿ ನೋಡದೆ ಕಳುಹಿಸುವುದುಂಟು. ಅವರು ಕೇಳಿಸಿಕೊಳ್ಳುವುದು ಮಾತನ್ನು. ಮೂರು ಎಕರೆ ಹೊಲವಿದೆ, ಜೂನ್‌ಗೆ ಬಿತ್ತನೆಯಿದೆ, ಅದಕ್ಕೆ ಮೇ ಕೊನೆಗೆ ಬರುತ್ತೇವೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿ. ಇದಕ್ಕಿಂತ ಗಟ್ಟಿಯಾದ ಉತ್ತರವನ್ನು ಯಾವ ಏಜೆಂಟನೂ ಬರೆದುಕೊಡಲಾರ.

ಏಜೆಂಟರ ಮಾತು ಬಂದದ್ದರಿಂದ ಹೇಳುತ್ತೇನೆ. ವೀಸಾ ಖಂಡಿತ ಕೊಡಿಸುತ್ತೇನೆ ಎನ್ನುವವರನ್ನು ನಂಬಬೇಡಿ, ಹಾಗೆ ಕೊಡಿಸುವ ಅಧಿಕಾರ ಯಾರಿಗೂ ಇಲ್ಲ. ಬ್ಯಾಂಕಿನಲ್ಲಿ ಇಲ್ಲದ ಹಣ ಇದೆಯೆಂದು ತೋರಿಸುವ ಕಾಗದಕ್ಕೆ, ನೀವು ಓದದ ಫಾರಂಗೆ ಸಹಿ ಹಾಕಬೇಡಿ. ಸತ್ಯ ಹೇಳಿ ತಿರಸ್ಕೃತರಾದರೆ ಮತ್ತೆ ಶುಲ್ಕ ಕಟ್ಟಿ ಇನ್ನೊಮ್ಮೆ ಕೇಳಬಹುದು. ಸುಳ್ಳು ದಾಖಲೆ ಕೊಟ್ಟು ಸಿಕ್ಕಿಬಿದ್ದರೆ ಆ ದೇಶದ ಬಾಗಿಲು ಜೀವಮಾನಪೂರ್ತಿ ಮುಚ್ಚಬಹುದು. ಮೊಮ್ಮಗುವಿನ ಮದುವೆಗೂ ಹೋಗಲಾಗದ ಹಾಗೆ.

ನಮ್ಮ ಪಕ್ಕದ ಒಡೆಯರಪಾಳ್ಯವನ್ನು ಒಮ್ಮೆ ನೆನೆಯಿರಿ. 1970ರ ದಶಕದಲ್ಲಿ ಅಲ್ಲಿ ನೆಲೆಯಾದ ಟಿಬೆಟನ್ನರ ಮಕ್ಕಳೂ ದೂರದ ದೇಶಗಳಿಗೆ ಹೋಗಿದ್ದಾರೆ. ಅಲ್ಲಿನ ಅಜ್ಜಿಗೂ ಮೊಮ್ಮಕ್ಕಳನ್ನು ಕಾಣುವ ಆಸೆಯಿರುತ್ತದೆ. ಆದರೆ ಆಕೆಯ ಕೈಯಲ್ಲಿರುವುದು ಪಾಸ್‌ಪೋರ್ಟಲ್ಲ, ಭಾರತ ಸರ್ಕಾರ ಕೊಡುವ ಹಳದಿ ರಟ್ಟಿನ ಗುರುತಿನ ಪುಸ್ತಕ. ಮೊಮ್ಮಕ್ಕಳಿರುವ ದೇಶದ ವೀಸಾ ಸಿಕ್ಕರೆ ಸಾಲದು, ಭಾರತಕ್ಕೆ ಮರಳಲು ಅಡ್ಡಿಯಿಲ್ಲ ಎಂಬ ಮುದ್ರೆಯೂ ಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಇಲ್ಲಿ ಹುಟ್ಟಿದ ಟಿಬೆಟನ್ನರಿಗೆ ಭಾರತದ ಪಾಸ್‌ಪೋರ್ಟ್ ಕೊಡಬೇಕೆಂದು ದೆಹಲಿ ಹೈಕೋರ್ಟ್ 2016ರಲ್ಲಿ ಹೇಳಿದ ಮೇಲೆ ಕೆಲವರಿಗೆ ದಾರಿಯಾಯಿತು. ಟಿಬೆಟ್‌ನಿಂದ ನಡೆದು ಬಂದ ಹಿರಿಯರಿಗೆ ಆ ದಾರಿಯಿಲ್ಲ. ನಮಗೋ, ಹೋಗಲು ಮಾತ್ರ ಅಪ್ಪಣೆ ಬೇಕು. ಮನೆಗೆ ಬರಲು ಯಾರನ್ನೂ ಕೇಳಬೇಕಿಲ್ಲ. ಇಂಥ ಭಾಗ್ಯ ಕೈಯಲ್ಲಿದ್ದೂ ಫಾರಂ ತುಂಬುವ ಅಂಜಿಕೆಗೆ ಮಕ್ಕಳ ಮುಖ ನೋಡದೆ ಕೂರಬೇಕೆ?

ಹೊರಡುವ ಮುಂಚೆ ಮನೆಯ ಕೆಲವು ಕೆಲಸಗಳನ್ನು ಮುಗಿಸಿ. ಪಿಂಚಣಿದಾರರು ಪ್ರತಿ ನವೆಂಬರ್‌ನಲ್ಲಿ ಕೊಡುವ ಜೀವಂತ ಪ್ರಮಾಣಪತ್ರ ಕೊಟ್ಟೇ ಹೊರಡಿ. ಜನವರಿಯಲ್ಲಿ ಹೋಗಿ ಜೂನ್‌ಗೆ ಬರುವವರಿಗೆ ಅದರ ತೊಂದರೆಯೇ ಇರುವುದಿಲ್ಲ. ತಿಂಗಳುಗಟ್ಟಲೆ ರೇಷನ್ ತೆಗೆದುಕೊಳ್ಳದಿದ್ದರೆ ಕಾರ್ಡು ಏನಾಗುತ್ತದೆಂದು ನ್ಯಾಯಬೆಲೆ ಅಂಗಡಿಯಲ್ಲಿ ಕೇಳಿಕೊಳ್ಳಿ. ಬೆಳೆಸಾಲದ ಕಂತು ಕಟ್ಟುವವರು ಯಾರೆಂದು ಗೊತ್ತುಮಾಡಿ. ಜಮೀನು ನೋಡಿಕೊಳ್ಳುತ್ತೇನೆಂದು ಬರುವ ನೆಂಟರಿಗೆ ಖಾಲಿ ಕಾಗದಕ್ಕೆ ಸಹಿ ಮಾಡಿಕೊಡಬೇಡಿ. ದಿನಾ ನುಂಗುವ ಮಾತ್ರೆಗಳನ್ನು ವೈದ್ಯರ ಚೀಟಿ ಸಮೇತ, ಇರುವಷ್ಟು ದಿನಕ್ಕೂ ಆಗುವಷ್ಟು ತೆಗೆದುಕೊಳ್ಳಿ. ಪ್ರಯಾಣದ ವಿಮೆ ಮಾಡಿಸುವಾಗ ಈಗಾಗಲೇ ಇರುವ ಕಾಯಿಲೆಗೆ ಅದು ಅನ್ವಯಿಸುತ್ತದೆಯೇ ಎಂದು ಮಕ್ಕಳಿಂದ ಓದಿಸಿ ತಿಳಿಯಿರಿ. ಅಲ್ಲಿನ ಆಸ್ಪತ್ರೆಯ ಒಂದು ರಾತ್ರಿಯ ಬಿಲ್ಲು ನಮ್ಮ ವರ್ಷದ ಬೆಳೆಯನ್ನು ನುಂಗಬಲ್ಲದು.

ಈ ಪತ್ರವನ್ನು ನಿಮ್ಮ ಮಕ್ಕಳಿಗೂ ಕಳುಹಿಸಿ. ಅವರಿಗೂ ಕೆಲವು ಮಾತುಗಳಿವೆ.

ಮಕ್ಕಳೇ, ಅಪ್ಪ ಅಮ್ಮನನ್ನು ಬಾಣಂತನಕ್ಕೆ ಮಾತ್ರ ಕರೆಸಿಕೊಳ್ಳಬೇಡಿ. ಸಂದರ್ಶಕ ವೀಸಾ ಇರುವುದು ನಿಮ್ಮ ಜೊತೆ ಇದ್ದು ಹೋಗಲು, ಕೂಸು ನೋಡುವ ಆಯಾಳ ಸಂಬಳ ಉಳಿಸಲು ಅಲ್ಲ. ಮಗುವನ್ನು ಎತ್ತಿ ಆಡಿಸಲು ಅಜ್ಜಿಗೆ ಯಾರ ಅನುಮತಿಯೂ ಬೇಡ. ಆದರೆ ಬೆಳಗಿನಿಂದ ಸಂಜೆವರೆಗೆ ಬೀಗ ಹಾಕಿದ ಮನೆಯಲ್ಲಿ, ಮಾತಾಡಲು ಜನರಿಲ್ಲದೆ, ಗೊತ್ತಿಲ್ಲದ ಒಲೆಯ ಮುಂದೆ ಆಕೆಯನ್ನು ದುಡಿಸಿದರೆ ಮುಂದಿನ ಸಲ ವೀಸಾ ಇದ್ದರೂ ಆಕೆ ಬರಲಾರಳು. ಬಸ್ಸು ಹತ್ತುವುದನ್ನು ಕಲಿಸಿ. ಹತ್ತಿರ ಕನ್ನಡದವರಿದ್ದರೆ ಕರೆದೊಯ್ಯಿರಿ. ಅಪ್ಪನಿಗೆ ಹಿತ್ತಲಲ್ಲಿ ನಾಲ್ಕು ಬದನೆ ಗಿಡಕ್ಕೆ ಜಾಗ ಕೊಡಿ. ವೀಸಾ ಅರ್ಜಿಯನ್ನು ನೀವೇ ಇಂಗ್ಲಿಷಿನಲ್ಲಿ ತುಂಬುತ್ತೀರಿ, ಸರಿ. ಸಲ್ಲಿಸುವ ಮುಂಚೆ ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿ. ಅಧಿಕಾರಿಯ ಮುಂದೆ ನಿಲ್ಲುವವರು ಅವರು, ನೀವಲ್ಲ. "ಬಂದಾಗ ನೋಡೋಣ" ಎನ್ನಬೇಡಿ, ಖರ್ಚಿನ ಮಾತನ್ನು ಮೊದಲೇ ಆಡಿ. ಕೈಲಿಲ್ಲ ಎನ್ನಲು ನಾಚಿ ಬೇಡ ಎನ್ನುವ ಅಪ್ಪಂದಿರು ನಮ್ಮ ಕಡೆ ಬಹಳ.

ನೀವು ಈ ಕಡೆ ಬರುವ ದಾರಿಯನ್ನೂ ತೆರೆದಿಡಿ. ಭಾರತದಲ್ಲಿ ಇಬ್ಬಗೆಯ ಪೌರತ್ವವಿಲ್ಲ. ಅಲ್ಲಿ ಹುಟ್ಟಿ ಅಲ್ಲಿನ ಪಾಸ್‌ಪೋರ್ಟ್ ಪಡೆದ ನಿಮ್ಮ ಮಗು ಬಂಡಳ್ಳಿಗೆ ಬರಬೇಕಾದರೂ ವೀಸಾ ಬೇಕು. 2005ರ ಕಾನೂನಿನಿಂದ ಬಂದ ಒಸಿಐ ಕಾರ್ಡು ಜೀವನಪೂರ್ತಿ ಹೋಗಿಬರಲು ಬಿಡುವ ವೀಸಾವೇ. ಕೂಸು ಚಿಕ್ಕದಿರುವಾಗಲೇ ಮಾಡಿಸಿ. 2020ರ ಮಾರ್ಚ್‌ನಲ್ಲಿ ಒಸಿಐ ಇದ್ದವರಿಗೂ ಕೆಲಕಾಲ ಪ್ರವೇಶ ನಿಂತಿತ್ತು, ಆದರೆ ಮತ್ತೆ ತೆರೆದಾಗ ಸುಲಭವಾಗಿ ಬಂದವರು ಅವರೇ. ಅಪ್ಪನ ಹೊಲದ ಮಾತನ್ನೂ ತಿಳಿದಿರಿ: ಒಸಿಐ ಇರುವವರು ಇಲ್ಲಿ ಕೃಷಿ ಭೂಮಿ ಕೊಳ್ಳುವಂತಿಲ್ಲ, ಆದರೆ ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಬೇರೆ ದೇಶದ ಪ್ರಜೆಯಾದೊಡನೆ ಊರಿನ ಮಣ್ಣು ಕೈತಪ್ಪಿತು ಎಂದುಕೊಳ್ಳಬೇಕಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಮತ್ತೆ ನಿಮ್ಮ ಕಡೆಗೇ ಬರುತ್ತೇನೆ. ನನ್ನ ಕೋರಿಕೆ ಇದು. ಈ ತಿಂಗಳೊಳಗೆ ಪೆಟ್ಟಿಗೆಯಲ್ಲಿರುವ ಕಾಗದಗಳನ್ನೆಲ್ಲ ಹೊರಗೆ ತೆಗೆದು ಹೆಸರು, ದಿನಾಂಕ ತಾಳೆ ನೋಡಿ. ಹೊಂದದಿದ್ದರೆ ತಿದ್ದಿಸಿ. ಮುಂದಿನ ತಿಂಗಳು ಗಂಡ ಹೆಂಡತಿ ಇಬ್ಬರೂ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿ. ಒಬ್ಬರಿಗೆ ಸಾಕು ಎನ್ನಬೇಡಿ. ಪಾಸ್‌ಪೋರ್ಟ್ ಬಂದ ಮೇಲೆ ಮಕ್ಕಳ ಜೊತೆ ಕೂತು, ಸಿಗುವುದರಲ್ಲಿ ಅತಿ ದೀರ್ಘ ಅವಧಿಯ ಮಲ್ಟಿಪಲ್ ಎಂಟ್ರಿ ವೀಸಾಕ್ಕೆ ಕೇಳಿ. ಊರಿನ ಅರಿವು ಕೇಂದ್ರದಲ್ಲಿ ಒಂದು ಭಾನುವಾರ ಎಲ್ಲರೂ ಸೇರುವುದಾದರೆ ನಾನು ಬಂದು ಕೂರುತ್ತೇನೆ. ಕಾಲೇಜು ಓದುವ ಹುಡುಗ ಹುಡುಗಿಯರನ್ನೂ ಕರೆಯೋಣ, ಫಾರಂ ತುಂಬುವುದರಲ್ಲಿ ಅವರು ನಮಗಿಂತ ಚುರುಕು. ಒಡೆಯರಪಾಳ್ಯದವರು ಬಂದರೆ ಅವರಿಗೂ ಜಾಗ ಇರಲಿ.

ಹೋಗುವುದು ಬಿಡುವುದು ನಿಮ್ಮಿಷ್ಟ. ಹೋಗಬೇಕೆನಿಸಿದ ದಿನ ಮಾತ್ರ ಕಾಗದವಿಲ್ಲವೆಂಬ ಕಾರಣಕ್ಕೆ ಯಾರೂ ಉಳಿಯುವಂತಾಗದಿರಲಿ.

ಇತಿ ನಿಮ್ಮ,
ಬಂಡಳ್ಳಿಯ ಒಬ್ಬ ನಿವೃತ್ತ ಶಿಕ್ಷಕಿ